ಕಬ್ಬಿನ ಹೇರು, ಕಾಯುವ ಎಂಜಿನ್: ಹೆಡ್ ಬಿಚ್ಚುವ ಮೊದಲು ಏನೇನು ನೋಡಬೇಕು

ಪ್ರಶ್ನೆ: ನಮ್ಮದು 2008ರ 50 ಎಚ್‌ಪಿ ಟ್ರ್ಯಾಕ್ಟರ್, ನಾಲ್ಕು ಸಿಲಿಂಡರ್. ಊರು ಮುಧೋಳ ತಾಲೂಕಿನಲ್ಲಿ. ಖಾಲಿ ಓಡಿಸಿದರೆ, ಕುಂಟಿ ಹೊಡೆದರೆ ಏನೂ ತೊಂದರೆ ಇಲ್ಲ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊರಟರೆ ಏರಿನಲ್ಲಿ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತದೆ. ಫೆಬ್ರುವರಿ ಬಂದ ಮೇಲಂತೂ ದಿನಾ ಇದೇ ಗೋಳು. ದಿನಕ್ಕೆ ಎರಡು ಮೂರು ಲೀಟರ್ ನೀರು ಕುಡಿಯುತ್ತದೆ, ಬೋರಿನ ನೀರನ್ನೇ ಹಾಕುತ್ತೇವೆ. ರೇಡಿಯೇಟರ್ ಸರ್ವಿಸ್ ಸ್ಟೇಷನ್ನಿನಲ್ಲಿ ತೊಳೆಸಿದ್ದೇವೆ, ಥರ್ಮೋಸ್ಟಾಟ್ ತೆಗೆಸಿದ್ದೇವೆ. ಈಗ ಮಿಸ್ತ್ರಿ ಹೆಡ್ ಬಿಚ್ಚೋಣು ಅನ್ನಾಕತ್ತಾರ. ಬಿಚ್ಚಸೂದೋ, ಬ್ಯಾಡೋ?

ಉತ್ತರ: ಸದ್ಯಕ್ಕೆ ಬೇಡ. ಹಂಗಾಮಿನ ನಡುವೆ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಬಿಚ್ಚಿದರೆ ಗಾಡಿ ದಿನಗಟ್ಟಲೆ ನಿಲ್ಲುತ್ತದೆ, ಅದರ ಕೆಳಗೆ ಕೂರುವ ಗ್ಯಾಸ್ಕೆಟ್ ಮತ್ತು ಹೆಡ್ಡಿನ ಮುಖ ಸಮ ಮಾಡುವ ಫೇಸಿಂಗ್ ಖರ್ಚು ಬೇರೆ. ಕಾರಣ ಇನ್ನೆಲ್ಲೋ ಇದ್ದರೆ ಹೊಸ ಗ್ಯಾಸ್ಕೆಟ್ಟೂ ಅದೇ ಏರಿನಲ್ಲಿ ಸುಟ್ಟು ಹೋಗುತ್ತದೆ. ನಿಮ್ಮ ಮಿಸ್ತ್ರಿಯ ಅನುಮಾನ ಬುಡವಿಲ್ಲದ್ದೇನಲ್ಲ, ಹೇರು ಬಿದ್ದಾಗ ಮಾತ್ರ ಕಾಯುವುದು ಗ್ಯಾಸ್ಕೆಟ್ ಹೋಗಿರುವ ಲಕ್ಷಣವೂ ಹೌದು. ಆದರೆ ಅದನ್ನು ಹೆಡ್ ಬಿಚ್ಚದೆಯೇ ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಅದಕ್ಕೂ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ನೀರು ಕಡಿಮೆಯಾಗಿ ಎಂಜಿನ್ ಕಾಯುತ್ತಿದೆಯೋ, ಎಂಜಿನ್ ಕಾದು ನೀರು ಕಡಿಮೆಯಾಗುತ್ತಿದೆಯೋ? ಇವೆರಡಕ್ಕೂ ಹುಡುಕುವ ಜಾಗ ಬೇರೆ, ರಿಪೇರಿ ಬೇರೆ.

ನೀರಿನ ಲೆಕ್ಕ

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು, ಕೊರಳಿನಿಂದ ನಾಲ್ಕು ಸೆಂಟಿಮೀಟರ್ ಕೆಳಗೆ ನಿಲ್ಲುವಷ್ಟು ನೀರು ತುಂಬಿ. ಒಳಗಿನ ಕೊಳವೆಗಳ ಬಾಯಿ ಮುಳುಗಿದ್ದರೆ ಸಾಕು. ಕೊರಳಿನ ತನಕ ತುಂಬುವ ಅಭ್ಯಾಸ ಬಹಳ ಜನರಿಗಿದೆ. 30 ಡಿಗ್ರಿಯ ನೀರು 95 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಮೂರೂವರೆ ಶೇಕಡಾ ಹಿಗ್ಗುತ್ತದೆ. ಹನ್ನೆರಡು ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಅದು ನಾನೂರು ಮಿಲಿಲೀಟರಿಗೂ ಹೆಚ್ಚು. ಪಕ್ಕದಲ್ಲಿ ರಿಕವರಿ ಬಾಟಲಿ ಇಲ್ಲದ ಹಳೆಯ ಟ್ರ್ಯಾಕ್ಟರಿನಲ್ಲಿ ಅಷ್ಟು ನೀರು ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಹೋಗಲೇಬೇಕು. ಮರುದಿನ ಮತ್ತೆ ಕೊರಳಿನ ತನಕ ತುಂಬಿದರೆ ಮತ್ತೆ ಅಷ್ಟೇ ಹೋಗುತ್ತದೆ. ನಿಮ್ಮ ಎರಡು ಮೂರು ಲೀಟರಿನಲ್ಲಿ ಅರ್ಧ ಲೀಟರಿನಷ್ಟು ಇದೇ ಬಾಬತ್ತು ಇರಬಹುದು.

ಮಟ್ಟ ಗುರುತು ಹಾಕಿದ ದಿನ ಹಗುರ ಕೆಲಸ ಮಾತ್ರ ಮಾಡಿಸಿ: ಖಾಲಿ ಟ್ರಿಪ್ಪು, ಕುಂಟಿ, ನೀರಿನ ಟ್ಯಾಂಕರ್. ಮುಳ್ಳು ನಡುವನ್ನು ದಾಟಬಾರದು. ಮರುದಿನ ಬೆಳಿಗ್ಗೆ ಮಟ್ಟ ನೋಡಿ. ಹಗುರ ಕೆಲಸದಲ್ಲೂ ಒಂದು ಲೀಟರ್ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಮಟ್ಟ ಹಾಗೆಯೇ ನಿಂತಿದ್ದು, ಹೇರು ಹೊತ್ತು ಮುಳ್ಳು ಕೆಂಪಿಗೆ ಹೋದ ದಿನ ಮಾತ್ರ ಇಳಿದರೆ ನೀರು ಕುದಿದು ಹೊರಗೆ ಹೋಗುತ್ತಿದೆ. ಆಗ ನೀರು ಎಲ್ಲಿ ಹೋಗುತ್ತಿದೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಶಾಖ ಯಾಕೆ ಹೊರಗೆ ಹೋಗುತ್ತಿಲ್ಲ ಎಂದು ನೋಡಬೇಕು.

ಸೋರಿಕೆ ಎಂದಾದರೆ ಕಣ್ಣಿಗೆ ಕಾಣುವ ಜಾಗಗಳಿಂದ ಶುರು ಮಾಡಿ. ನೀರು ತಿರುಗಿಸುವ ಪಂಪಿನ, ಅಂದರೆ ವಾಟರ್ ಬಾಡಿಯ ಕೆಳಹೊಟ್ಟೆಯಲ್ಲಿ ಸಣ್ಣದೊಂದು ತೂತು ಇರುತ್ತದೆ. ಒಳಗಿನ ಸೀಲ್ ಹೋದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಎಂದೇ ಅದನ್ನು ಬಿಟ್ಟಿರುತ್ತಾರೆ. ಅಲ್ಲಿ ಬಿಳಿ ಸುಣ್ಣದ ಗೆರೆಯೋ ತುಕ್ಕಿನ ಗೆರೆಯೋ ಕಂಡರೆ ವಾಟರ್ ಬಾಡಿ ರಿಪೇರಿಗೆ ಬಂದಿದೆ ಎಂದರ್ಥ. ಆ ತೂತಿಗೆ ಎಂ-ಸೀಲ್ ಮೆತ್ತಿದ್ದರೆ ಮೊದಲು ಕಿತ್ತು ತೆಗೆಯಿರಿ, ನೀರು ಬೇರಿಂಗಿಗೆ ಇಳಿದು ಫ್ಯಾನೇ ಕಳಚಿ ರೇಡಿಯೇಟರಿಗೆ ಬಡಿಯಬಹುದು. ಬ್ಲಾಕಿನ ಪಕ್ಕದ ತಗಡಿನ ಪ್ಲಗ್ಗುಗಳು, ಹೋಸಿನ ಕ್ಲಿಪ್ಪುಗಳು, ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಟ್ಯಾಂಕಿನ ಬೆಸುಗೆ, ಇಷ್ಟನ್ನೂ ಟಾರ್ಚ್ ಹಿಡಿದು ನೋಡಿ.

ಕಣ್ಣಿಗೆ ಏನೂ ಕಾಣದಿದ್ದರೆ ಪ್ರೆಶರ್ ಹಾಕಿ ನೋಡಬೇಕು. ರೇಡಿಯೇಟರ್ ಅಂಗಡಿಗಳಲ್ಲಿ ಕೈಪಂಪಿನ ಟೆಸ್ಟರ್ ಇರುತ್ತದೆ. ತಣ್ಣನೆಯ ಎಂಜಿನ್ನಿಗೆ ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಿ. ಮುಳ್ಳು ಇಳಿಯುತ್ತಿದೆ, ಹೊರಗೆ ಎಲ್ಲೂ ಹನಿ ಇಲ್ಲ ಎಂದರೆ ನೀರು ಒಳಗೆ ಹೋಗುತ್ತಿದೆ. ಆಗಲೂ ಗ್ಯಾಸ್ಕೆಟ್ ಒಂದೇ ಅಪರಾಧಿಯಲ್ಲ. ವೆಟ್ ಲೈನರ್ (ಸಿಲಿಂಡರಿನ ಒಳಗೊಳವೆಗೆ ಹೊರಗಿನಿಂದ ನೀರು ನೇರ ತಾಗುವ) ಎಂಜಿನ್ ಆಗಿದ್ದರೆ ಲೈನರಿನ ಬುಡದ ರಬ್ಬರ್ ರಿಂಗ್ ಹೋಗಿಯೂ ನೀರು ಆಯಿಲ್ ಚೇಂಬರಿಗೆ ಇಳಿಯುತ್ತದೆ. ಚೇಂಬರ್ ಇಳಿಸಿ, ಮೇಲಿನಿಂದ ಪ್ರೆಶರ್ ಕೊಟ್ಟು, ಕೆಳಗಿನಿಂದ ಬೆಳಕು ಬಿಟ್ಟು ನೋಡಿದರೆ ಯಾವ ಲೈನರಿನಿಂದ ಹನಿಯುತ್ತಿದೆ ಎಂದು ತಿಳಿಯುತ್ತದೆ. ಇದನ್ನು ನೋಡದೆ ಹೆಡ್ ಬಿಚ್ಚಿ, ಗ್ಯಾಸ್ಕೆಟ್ ಬದಲಿಸಿ, ಮತ್ತೆ ಆಯಿಲ್ ಹಾಲಿನಂತಾಗಿ ಇಡೀ ಕೆಲಸ ಎರಡು ಸಲ ಮಾಡಿಸಿದವರು ಬಹಳ.

ಆಯಿಲಿನಲ್ಲಿ ನೀರಿದೆಯೇ ಎಂದು ನೋಡಲು ಡಿಪ್‌ಸ್ಟಿಕ್ ಒಂದನ್ನೇ ನಂಬಬೇಡಿ. ಆಯಿಲ್ ಕ್ಯಾಪಿನ ಒಳಗಿನ ಬಿಳಿ ನೊರೆ ಚಳಿಗಾಲದ ಬೆವರೂ ಆಗಿರಬಹುದು. ಗಾಡಿ ರಾತ್ರಿಯಿಡೀ ಸಮನೆಲದಲ್ಲಿ ನಿಂತ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಚೇಂಬರಿನ ಡ್ರೈನ್ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳಕ್ಕೆ ಕೂತಿರುತ್ತದೆ. ಮೊದಲು ನೀರು ಹನಿದರೆ ಸಂಶಯವೇ ಬೇಡ.

ಗುಳ್ಳೆ ಪರೀಕ್ಷೆ

ಈಗ ಗ್ಯಾಸ್ಕೆಟ್ಟಿನ ವಿಷಯ. ಎಂಜಿನ್ ತಣ್ಣಗಿರಬೇಕು. ಫ್ಯಾನ್ ಬೆಲ್ಟ್ ಕಳಚಿ, ವಾಟರ್ ಬಾಡಿ ತಿರುಗಬಾರದು. ರೇಡಿಯೇಟರಿಗೆ ಈ ಒಂದು ಸಲ ಕೊರಳಿನ ತನಕ ನೀರು ತುಂಬಿ, ಕ್ಯಾಪ್ ತೆಗೆದೇ ಇಡಿ. ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವ್) ಇರುವ ಗಾಡಿಯಾದರೆ ಈ ಪರೀಕ್ಷೆಗಾಗಿ ಅದನ್ನು ಹೊರಗಿಡಬೇಕಿತ್ತು, ನಿಮ್ಮದರಲ್ಲಿ ಆ ಕೆಲಸ ಆಗಲೇ ಆಗಿದೆ. ಸ್ಟಾರ್ಟ್ ಮಾಡಿ, ಒಬ್ಬರು ಎಕ್ಸಿಲೇಟರ್ ಕೊಡಲಿ, ಒಬ್ಬರು ಕೊರಳಿನೊಳಗೆ ನೋಡಲಿ. ಮೊದಲ ಕೆಲವು ಸೆಕೆಂಡಿನಲ್ಲಿ ಒಂದೆರಡು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡ ಗಾಳಿ. ಎಕ್ಸಿಲೇಟರ್ ಕೊಟ್ಟಂತೆಲ್ಲ ಸಾಲಾಗಿ ಗುಳ್ಳೆ ಏಳುತ್ತಿದ್ದರೆ, ನೀರು ಉಕ್ಕಿ ಚೆಲ್ಲಿದರೆ, ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ: ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಸೀಳಿದೆ. ಬೆಲ್ಟ್ ಇಲ್ಲದೆ ಎರಡು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ.

ನಿಂತಲ್ಲೇ ಓಡುವಾಗ ಗುಳ್ಳೆ ತೋರಿಸದೆ, ಹೇರು ಬಿದ್ದಾಗ ಮಾತ್ರ ಬಿಡುವ ಸಣ್ಣ ಸೋರಿಕೆಯೂ ಉಂಟು. ಅದಕ್ಕೆ ಓವರ್‌ಫ್ಲೋ ಪೈಪಿಗೆ ಉದ್ದನೆಯ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಅರ್ಧ ನೀರಿರುವ ಎರಡು ಲೀಟರಿನ ಬಾಟಲಿಯಲ್ಲಿ ಮುಳುಗಿಸಿ, ಬಾಟಲಿಯನ್ನು ಸೀಟಿನಿಂದ ಕಾಣುವ ಹಾಗೆ ಕಟ್ಟಿ ಹೇರಿನೊಂದಿಗೆ ಓಡಿಸಿ. ಮುಳ್ಳು ಇನ್ನೂ ನಡುವಿನಲ್ಲಿರುವಾಗಲೇ ಬಾಟಲಿಯಲ್ಲಿ ಬುಳುಬುಳು ಶುರುವಾದರೆ ಗ್ಯಾಸ್ಕೆಟ್. ಮುಳ್ಳು ಕೆಂಪಿಗೆ ಹೋದ ಮೇಲೆ ಶುರುವಾದರೆ ಅದು ಬರೀ ಕುದಿತ.

ಗುಳ್ಳೆ ಇಲ್ಲ, ಆಯಿಲಿನಲ್ಲಿ ನೀರಿಲ್ಲ, ಹಗುರ ಕೆಲಸದಲ್ಲಿ ಮಟ್ಟ ನಿಲ್ಲುತ್ತದೆ. ನಿಮ್ಮ ಗಾಡಿಯಲ್ಲಿ ಹೀಗೆಯೇ ಬರುವ ಸಾಧ್ಯತೆ ಹೆಚ್ಚು. ಕಾರಣ ಸರಳ. ಎಂಜಿನ್ ಸುಡುವ ಡೀಸೆಲ್ಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಕೆಲಸಕ್ಕೆ, ಒಂದು ಪಾಲು ಸೈಲೆನ್ಸರಿಗೆ, ಉಳಿದದ್ದರಲ್ಲಿ ಬಹುಪಾಲು ನೀರಿಗೆ ಹೋಗುತ್ತದೆ. 50 ಎಚ್‌ಪಿ ಎಂಜಿನ್ ಪೂರ್ತಿ ಎಳೆಯುವಾಗ ರೇಡಿಯೇಟರ್ ಹೊರಗೆ ಹಾಕಬೇಕಾದ ಶಾಖ, ಬಚ್ಚಲಲ್ಲಿ ನೀರು ಕಾಯಿಸುವ ಒಂದು ಕಿಲೋವಾಟ್ ಕಾಯಿಲುಗಳು ಇಪ್ಪತ್ತೈದು ಒಟ್ಟಿಗೆ ಉರಿದಷ್ಟು. ಖಾಲಿ ಓಡುವಾಗ ಅದರ ಕಾಲುಭಾಗವೂ ಇರುವುದಿಲ್ಲ. ಅರ್ಧ ಮುಚ್ಚಿಹೋದ ರೇಡಿಯೇಟರ್ ಕೂಡ ಖಾಲಿ ಗಾಡಿಯನ್ನು ತಣ್ಣಗಿಡುತ್ತದೆ. ಹೇರು ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು.

ಗಾಳಿ ಹೋಗುತ್ತಿದೆಯೇ?

ರೇಡಿಯೇಟರ್ ತೊಳೆಸಿದ್ದೇವೆ ಎಂದಿದ್ದೀರಿ. ಹೇಗೆ ತೊಳೆದರು ಎನ್ನುವುದು ಮುಖ್ಯ. ಸರ್ವಿಸ್ ಸ್ಟೇಷನ್ನಿನ ಗನ್ನಿನಿಂದ ಮುಂದುಗಡೆಯಿಂದ ಹೊಡೆದರೆ ಮುಖದ ಮೇಲಿನ ಕಸ ಹೋಗಿ ಜಾಳಿ ಫಳಫಳ ಕಾಣುತ್ತದೆ. ಒಳಗೆ ಕೂತ ರವದಿಯ ಚೂರು, ಎರಿ ಮಣ್ಣಿನ ಧೂಳು ಮಾತ್ರ ಇನ್ನೂ ಆಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಕಬ್ಬಿನ ಗದ್ದೆಯಲ್ಲಿ ಓಡಾಡುವ ಟ್ರ್ಯಾಕ್ಟರಿನಲ್ಲಿ ಇದು ಬಹಳ. ಟೈಮಿಂಗ್ ಕವರಿನ ಕಡೆಯಿಂದ ಆಯಿಲ್ ಜಿನುಗುತ್ತಿದ್ದರೆ ಫ್ಯಾನಿನ ಗಾಳಿಗೆ ಅದು ಸಿಡಿದು, ಧೂಳಿನ ಜೊತೆ ಸೇರಿ ಸುಟ್ಟ ರೊಜ್ಜಾಗುತ್ತದೆ. ಬರೀ ನೀರಿಗೆ ಅದು ಬಿಡುವುದಿಲ್ಲ.

ರಾತ್ರಿ ಹೊತ್ತು ರೇಡಿಯೇಟರಿನ ಹಿಂದೆ ಮೊಬೈಲಿನ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಎಲ್ಲ ಕಡೆ ಬೆಳಕು ಚುಕ್ಕಿ ಚುಕ್ಕಿಯಾಗಿ ದಾಟಿ ಬರಬೇಕು. ಕಪ್ಪಗೆ ಉಳಿದ ಜಾಗ ಮುಚ್ಚಿದ ಜಾಗ. ತೊಳೆಯುವುದಾದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಅಂದರೆ ಎಂಜಿನ್ ಕಡೆಯಿಂದ ಮುಂದಕ್ಕೆ, ಸಾಧಾರಣ ಒತ್ತಡದ ನೀರಿನಿಂದ ತೊಳೆಯಿರಿ. ಜಿಡ್ಡಿದ್ದರೆ ಬಟ್ಟೆ ಸೋಪಿನ ಪುಡಿ ಕಲಸಿದ ಬಿಸಿನೀರು ಎರಚಿ, ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು ಆಮೇಲೆ. ಗನ್ನನ್ನು ಹತ್ತಿರ ಹಿಡಿದರೆ ಫಿನ್ನುಗಳು ಮಡಚಿ ತಾವೇ ಬಾಗಿಲು ಹಾಕಿಕೊಳ್ಳುತ್ತವೆ. ಮಡಚಿದವನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಒಂದೊಂದಾಗಿ ನೆಟ್ಟಗೆ ಮಾಡಬಹುದು, ತಾಳ್ಮೆ ಬೇಕು. ಇನ್ನು, ಹಂಗಾಮಿನಲ್ಲಿ ಗ್ರಿಲ್ಲಿನ ಮುಂದೆ ಕಟ್ಟುವ ಬ್ಯಾನರು, ಹಾರ, ಲೈಟಿನ ಪಟ್ಟಿ. ಸ್ಪೀಕರು ಎಷ್ಟು ಬೇಕಾದರೂ ಹಾಕಿಕೊಳ್ಳಿ, ರೇಡಿಯೇಟರಿನ ಮೂಗು ಮಾತ್ರ ಬಿಟ್ಟುಕೊಡಿ.

ಗಾಳಿಯ ಎಳೆತ ನೋಡಲು ಒಂದು ದಿನಪತ್ರಿಕೆಯ ಹಾಳೆ ಸಾಕು. ಎಂಜಿನ್ 1,500 ಆರ್‌ಪಿಎಂನಲ್ಲಿರುವಾಗ ಜಾಳಿಯ ಮುಂದುಗಡೆ ಹಾಳೆ ಹಿಡಿದರೆ ಅದು ಅಂಟಿಕೊಂಡು ನಿಲ್ಲಬೇಕು. ಜಾರಿ ಬಿದ್ದರೆ ಮೊದಲು ಬೆಲ್ಟ್ ನೋಡಿ. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 15 ಮಿಲಿಮೀಟರ್ ಮಾತ್ರ ಕೆಳಗೆ ಹೋಗಬೇಕು. ಬೆಲ್ಟಿನ ಪಕ್ಕಗಳು ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಅಥವಾ ಸವೆದು ಪುಲ್ಲಿಯ ತೋಡಿನ ತಳಕ್ಕೇ ಮುಟ್ಟಿದ್ದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಜಾರುವ ಬೆಲ್ಟ್ ಫ್ಯಾನನ್ನೂ ವಾಟರ್ ಬಾಡಿಯನ್ನೂ ಒಟ್ಟಿಗೆ ನಿಧಾನ ಮಾಡುತ್ತದೆ. ಬದಲಿಸಿ, ಒಂದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.

ಹಿಂದೆ ಯಾರಾದರೂ ಫ್ಯಾನ್ ಬಿಚ್ಚಿ ಹಾಕಿದ್ದರೆ ಅದು ಉಲ್ಟಾ ಕೂತಿರಬಹುದು. ಉಲ್ಟಾ ಹಾಕಿದರೂ ಗಾಳಿ ಅದೇ ದಿಕ್ಕಿಗೆ ಬರುತ್ತದೆ, ಆದ್ದರಿಂದ ಕೈ ಹಿಡಿದು ನೋಡಿದವರಿಗೆ ಸರಿಯಾಗಿಯೇ ಇದೆ ಅನಿಸುತ್ತದೆ, ಪ್ರಮಾಣ ಮಾತ್ರ ಬಹಳ ಕಡಿಮೆ. ಬ್ಲೇಡಿನ ತಗ್ಗಾದ ಹೊಟ್ಟೆ ಎಂಜಿನ್ ಕಡೆಗೆ, ಉಬ್ಬಿದ ಬೆನ್ನು ರೇಡಿಯೇಟರ್ ಕಡೆಗೆ ಇರಬೇಕು. ಫ್ಯಾನಿನ ಸುತ್ತಲಿನ ತಗಡಿನ ಕವಚ ಒಡೆದಿದೆ ಎಂದು ಕಿತ್ತು ಬಿಸಾಕಿದ ಗಾಡಿಗಳೂ ಸಾಕಷ್ಟಿವೆ. ಕವಚ ಇಲ್ಲದಿದ್ದರೆ ಫ್ಯಾನ್ ಜಾಳಿಯ ಮೂಲಕ ಎಳೆಯುವುದನ್ನು ಬಿಟ್ಟು ಪಕ್ಕದ ಬಿಸಿಗಾಳಿಯನ್ನೇ ಸುತ್ತುತ್ತದೆ. ಲೇಥಿನವರ ಹತ್ತಿರ ತಗಡು ಬಗ್ಗಿಸಿ ಮಾಡಿಸಿದರೂ ನಡೆಯುತ್ತದೆ.

ಬೋರಿನ ನೀರು

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಕುಕ್ಕಿದ್ದು ಇದು. ಲೋಕಾಪುರ, ಮುಧೋಳ, ಬಾಗಲಕೋಟೆ ಸುತ್ತಿನ ನೆಲದಲ್ಲಿ ಸುಣ್ಣದ ಕಲ್ಲಿದೆ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಆ ಕಲ್ಲಿನ ಸಂದಿಯಿಂದ ಬರುವ ಬೋರಿನ ನೀರು ಎಷ್ಟು ಗಡಸು ಎನ್ನುವುದಕ್ಕೆ ನಿಮ್ಮ ಮನೆಯ ಹಂಡೆಯ ಒಳಮೈ ನೋಡಿದರೆ ಸಾಕು. ದಿನಕ್ಕೆ ಎರಡು ಲೀಟರ್ ಕುದಿದು ಹೋದರೆ ನೀರು ಹೋಗುತ್ತದೆ, ಸುಣ್ಣ ಒಳಗೇ ಉಳಿಯುತ್ತದೆ. ಮರುದಿನ ಹೊಸ ಎರಡು ಲೀಟರಿನ ಜೊತೆ ಮತ್ತಷ್ಟು ಸುಣ್ಣ. ಅದು ಅತಿ ಬಿಸಿಯಾದ ಜಾಗದಲ್ಲೇ, ಅಂದರೆ ಲೈನರಿನ ಮೇಲ್ಭಾಗ ಮತ್ತು ಹೆಡ್ಡಿನಲ್ಲಿ ವಾಲ್ವುಗಳ ನಡುವೆ, ಮೊದಲು ಕಟ್ಟುತ್ತದೆ. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಈ ಪದರ ಶಾಖವನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ತಡೆಯುತ್ತದೆ. ಒಂದು ಮಿಲಿಮೀಟರ್ ಸುಣ್ಣ ಕಟ್ಟಿದರೆ ಲೈನರಿನ ದಪ್ಪ ಎರಡು ಸೆಂಟಿಮೀಟರ್ ಹೆಚ್ಚಿದಂತೆ. ಮೀಟರಿನ ಮುಳ್ಳು ತೋರಿಸುವುದು ನೀರಿನ ಬಿಸಿಯನ್ನು. ಸುಣ್ಣದ ಹಿಂದಿರುವ ಲೋಹ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ.

ರೇಡಿಯೇಟರಿನ ಕೊಳವೆಗಳು ಕಟ್ಟಿವೆಯೇ ಎಂದು ತಿಳಿಯಲು ಲೇಸರ್ ಥರ್ಮಾಮೀಟರ್ ಗನ್ ಬಹಳ ಉಪಯೋಗಿ. ಹೊಳೆಯುವ ಲೋಹದ ಮೇಲೆ ಹಿಡಿದರೆ ಅದು ತಪ್ಪು ತೋರಿಸುತ್ತದೆ, ಆದ್ದರಿಂದ ಅಳೆಯುವ ಜಾಗಗಳಿಗೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ. ಹೇರಿನೊಂದಿಗೆ ಏರು ಹತ್ತಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಕೂಡಲೇ ಮೇಲಿನ ಟ್ಯಾಂಕು, ಕೆಳಗಿನ ಟ್ಯಾಂಕು ಅಳೆಯಿರಿ. ವ್ಯತ್ಯಾಸ 6ರಿಂದ 10 ಡಿಗ್ರಿ ಆಸುಪಾಸಿನಲ್ಲಿದ್ದರೆ ಸಾಮಾನ್ಯ. 20 ಡಿಗ್ರಿ, ಅದಕ್ಕೂ ಹೆಚ್ಚು ಇದ್ದರೆ ನೀರು ತೆವಳುತ್ತಿದೆ: ಕೊಳವೆ ಕಟ್ಟಿದೆ, ವಾಟರ್ ಬಾಡಿಯ ಇಂಪೆಲ್ಲರ್ ಸವೆದಿದೆ, ಅಥವಾ ಬೆಲ್ಟ್ ಜಾರುತ್ತಿದೆ. ವ್ಯತ್ಯಾಸ ಮೂರು ನಾಲ್ಕೇ ಡಿಗ್ರಿ ಇದ್ದು ಎರಡೂ ಕಡೆ ಸುಡುತ್ತಿದ್ದರೆ ನೀರು ಓಡುತ್ತಿದೆ, ಗಾಳಿ ಶಾಖ ಒಯ್ಯುತ್ತಿಲ್ಲ. ಆಮೇಲೆ ಜಾಳಿಯ ಮೇಲೆ ಅಡ್ಡಡ್ಡ ಗನ್ ಓಡಿಸಿ. ನಡುವೆ ಎಲ್ಲಾದರೂ ಒಂದು ಪಟ್ಟಿ ತಣ್ಣಗಿದ್ದರೆ ಅಲ್ಲಿಯ ಕೊಳವೆಗಳಲ್ಲಿ ನೀರೇ ಹೋಗುತ್ತಿಲ್ಲ.

ಇನ್ನೊಂದು ಸುಲಭದ ಲೆಕ್ಕ: ತಣ್ಣನೆಯ ಎಂಜಿನ್ನಿನ ನೀರನ್ನೆಲ್ಲ ಬಕೆಟ್ಟಿಗೆ ಬಸಿದು ಅಳೆಯಿರಿ. ಕೈಪಿಡಿಯಲ್ಲಿ ಹನ್ನೆರಡು ಲೀಟರ್ ಎಂದಿದ್ದು ಎಂಟೇ ಬಂದರೆ ಬ್ಲಾಕಿನ ನೀರು ಪೂರ್ತಿ ಇಳಿದಿಲ್ಲ. ಬ್ಲಾಕಿಗೂ ಪಕ್ಕದಲ್ಲಿ ಒಂದು ಡ್ರೈನ್ ಇರುತ್ತದೆ, ಬಹಳ ಜನ ಅದನ್ನು ಜನ್ಮದಲ್ಲೇ ತೆಗೆದಿರುವುದಿಲ್ಲ. ಬಿಚ್ಚಿದರೂ ನೀರು ಬರದಿದ್ದರೆ ಒಳಗೆ ಕೆಸರು ಕೂತಿದೆ. ಬೈಂಡಿಂಗ್ ವೈರಿನಿಂದ ಕೆದಕಿ, ನೀರು ಧಾರೆಯಾಗಿ ಬರುವ ತನಕ ಬಿಡಬೇಡಿ. ಹಿಂದಿನ ಸಿಲಿಂಡರುಗಳ ಸುತ್ತ ಕೆಸರು ಕೂತು ಅವೇ ಮೊದಲು ಸುಡುವುದು ಮಾಮೂಲು.

ಸುಣ್ಣ ತೆಗೆಯಲು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್ ಸಾಕು. ಮೊದಲು ಆಯಸ್ಕಾಂತ ಹಿಡಿದು ನೋಡಿ: ಹೆಡ್ಡಿಗೆ ಅಂಟಿದರೆ ಎರಕದ ಕಬ್ಬಿಣ. ರೇಡಿಯೇಟರ್ ಕೆರೆದರೆ ಹಳದಿ ಅಥವಾ ಕೆಂಪು ಬಣ್ಣ ಕಂಡರೆ ಹಿತ್ತಾಳೆ, ತಾಮ್ರ. ಬೆಳ್ಳಗೆ ಕಂಡರೆ ಅಲ್ಯುಮಿನಿಯಂ, ಅದಕ್ಕೆ ಈ ಉಪಾಯ ಬೇಡ. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ, ಹನ್ನೆರಡು ಲೀಟರಿಗೆ 600 ಗ್ರಾಂ ಬಿಸಿನೀರಿನಲ್ಲಿ ಕರಗಿಸಿ ತುಂಬಿ. ಕ್ಯಾಪನ್ನು ಸಡಿಲವಾಗಿ ಇಡಿ, ಸುಣ್ಣ ಕರಗುವಾಗ ಗ್ಯಾಸು ಬರುತ್ತದೆ. ಹೇರಿಲ್ಲದೆ ಮುಕ್ಕಾಲು ಗಂಟೆ, ನೀರು 80 ಡಿಗ್ರಿ ಆಸುಪಾಸಿನಲ್ಲಿರುವ ಹಾಗೆ ಓಡಿಸಿ. ಥರ್ಮೋಸ್ಟಾಟ್ ಇಲ್ಲದ ಗಾಡಿ ಅಷ್ಟು ಬಿಸಿಯಾಗದಿದ್ದರೆ ಜಾಳಿಯ ಮುಂದೆ ರಟ್ಟು ಹಿಡಿಯಿರಿ. ತಣಿದ ಮೇಲೆ ಎರಡೂ ಡ್ರೈನಿನಿಂದ ಬಸಿಯಿರಿ. ಕಂದು ರಾಡಿ ಬಂದರೆ ಒಂದು ದಿನ ಬಿಟ್ಟು ಇನ್ನೊಂದು ಸಲ. ಆಮೇಲೆ ಲೀಟರಿಗೆ 10 ಗ್ರಾಂ ಅಡಿಗೆ ಸೋಡಾ ಹಾಕಿದ ನೀರಿನಿಂದ ಹತ್ತು ನಿಮಿಷ, ಮತ್ತೆ ಬರೀ ನೀರಿನಿಂದ ಎರಡು ಸಲ. ಬಚ್ಚಲು ತೊಳೆಯುವ ಆ್ಯಸಿಡ್ ಹಾಕುವವರ ಮಾತು ಕೇಳಬೇಡಿ, ಅದು ಸುಣ್ಣದ ಜೊತೆ ಬೆಸುಗೆಯನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಒಂದು ಎಚ್ಚರ: ಹಳೆಯ ರೇಡಿಯೇಟರಿನ ಸಣ್ಣ ತೂತುಗಳನ್ನು ಸುಣ್ಣವೇ ಮುಚ್ಚಿರುತ್ತದೆ. ತೊಳೆದ ಮೇಲೆ ಸೋರಲು ಶುರುವಾದರೆ ತೊಳೆದದ್ದು ತಪ್ಪಲ್ಲ, ರೇಡಿಯೇಟರಿನ ಆಯಸ್ಸು ಮುಗಿದಿತ್ತು. ಕೊಳವೆಗಳು ಪೂರ್ತಿ ಕಟ್ಟಿದ್ದರೆ ಆ್ಯಸಿಡ್ ಒಳಗೇ ಹೋಗುವುದಿಲ್ಲ. ಆಗ ಮೇಲಿನ ಟ್ಯಾಂಕು ಬಿಚ್ಚಿಸಿ ರಾಡ್ ಹೊಡೆಸಬೇಕು, ಇಲ್ಲವೇ ಕೋರ್ ಬದಲಿಸಬೇಕು.

ಇನ್ನು ಮೇಲೆ ಬೋರಿನ ನೀರು ಬಂದ್. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ, ಆದರೆ ಬರೀ ಆರ್‌ಒ ನೀರು ಹಾಕಿದರೆ ತುಕ್ಕು ತಡೆಯುವವರಿಲ್ಲ. ಕೂಲಂಟ್ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಕೂಲಂಟ್ ಕಲಸಿ. ಅರ್ಧಕ್ಕಿಂತ ಹೆಚ್ಚು ಹಾಕಿದರೆ ಲಾಭವಿಲ್ಲ, ಕೂಲಂಟಿಗಿಂತ ನೀರೇ ಶಾಖವನ್ನು ಚೆನ್ನಾಗಿ ಒಯ್ಯುವುದು. ಬಸಿದ ಹಳೆಯ ಕೂಲಂಟನ್ನು ಬಕೆಟ್ಟಿನಲ್ಲಿ ಬಿಟ್ಟು ಹೋಗಬೇಡಿ. ರುಚಿ ಸಿಹಿ, ಒಳಗೆ ವಿಷ, ದನ ನಾಯಿ ಕುಡಿದರೆ ಸಾಯುತ್ತವೆ.

ತೆಗೆದ ಥರ್ಮೋಸ್ಟಾಟ್, ಸಡಿಲ ಕ್ಯಾಪ್

ಥರ್ಮೋಸ್ಟಾಟನ್ನು ವಾಪಸ್ ಹಾಕಿಸಿ. ಬಹಳಷ್ಟು ಎಂಜಿನ್ನುಗಳಲ್ಲಿ ಅದರ ಕೆಳಗಿನ ತಟ್ಟೆ, ಬಿಸಿಯಾದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಒಂದಷ್ಟು ಬಿಸಿನೀರು ರೇಡಿಯೇಟರ್ ಮುಖ ನೋಡದೆ ಮತ್ತೆ ಎಂಜಿನ್ನಿಗೇ ಬರುತ್ತದೆ. ಖಾಲಿ ಓಡುವಾಗ ಎಂಜಿನ್ ಅತಿ ತಣ್ಣಗೆ, ಹೇರಿನಲ್ಲಿ ಅತಿ ಬಿಸಿ. ತಣ್ಣಗೆ ಓಡುವ ಡೀಸೆಲ್ ಎಂಜಿನ್ನಿನಲ್ಲಿ ಲೈನರ್ ಬೇಗ ಸವೆಯುತ್ತದೆ, ಡೀಸೆಲ್ಲೂ ಹೆಚ್ಚು ಹೋಗುತ್ತದೆ. ‘ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಜೋರಾಗಿ ಹರಿದು ತಣಿಯಲು ಟೈಮೇ ಸಿಗೋದಿಲ್ಲ’ ಎನ್ನುವ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತದೆ, ಅದೂ ಸರಿಯಲ್ಲ. ತೊಂದರೆ ವೇಗದ್ದಲ್ಲ, ದಾರಿಯದ್ದು. ಹಳೆಯದನ್ನೇ ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಮೈಮೇಲೆ ಮುದ್ರಿಸಿದ ಡಿಗ್ರಿಯ ಹತ್ತಿರ ತೆರೆಯಲು ಶುರುವಾಗಬೇಕು, ಅಲ್ಲಿಂದ ಹತ್ತು ಹದಿನೈದು ಡಿಗ್ರಿಯಲ್ಲಿ ಪೂರ್ತಿ ತೆರೆಯಬೇಕು.

ಕ್ಯಾಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಐನೂರು ಆರುನೂರು ಮೀಟರ್ ಎತ್ತರದ ನಮ್ಮ ಬಾಗಲಕೋಟೆ, ವಿಜಯಪುರದ ಬಯಲಿನಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. 0.5 (ಒತ್ತಡದ ಅಂಕಿ, ಬಾರ್ ಲೆಕ್ಕದಲ್ಲಿ) ಎಂದು ಬರೆದ ಕ್ಯಾಪ್ ಸರಿಯಾಗಿ ಹಿಡಿದರೆ ಅದು 110 ಡಿಗ್ರಿಗೆ, 0.9ರ ಕ್ಯಾಪ್ ಹಿಡಿದರೆ 117ರ ಆಸುಪಾಸಿಗೆ ಏರುತ್ತದೆ. ಕ್ಯಾಪಿನ ರಬ್ಬರ್ ಬಿರಿದಿದ್ದರೆ ಈ ಹನ್ನೆರಡು ಹತ್ತೊಂಬತ್ತು ಡಿಗ್ರಿ ಪೂರ್ತಿ ಕಳೆದುಕೊಂಡ ಹಾಗೆ, ಬೇರೆಲ್ಲ ಸರಿಯಿದ್ದರೂ ಏರಿನಲ್ಲಿ ಕುದಿಯುತ್ತದೆ. ಬದಲಿಸುವಾಗ ಅದೇ ಅಂಕಿಯದ್ದನ್ನು ತನ್ನಿ. 0.5 ಇದ್ದ ಕಡೆ 0.9 ಹಾಕಿದರೆ ಹಳೆಯ ಬೆಸುಗೆ ಬಿಡುತ್ತದೆ. ರಾತ್ರಿ ತಣಿದ ಮೇಲೆ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಕ್ಯಾಪಿನ ನಡುವಿನ ಸಣ್ಣ ವಾಲ್ವ್ ಅಂಟಿಕೊಂಡಿದೆ. ಎಂಜಿನ್ ಜೋರಾಗಿ ಓಡುವಾಗ ಕೆಳಗಿನ ಹೋಸ್ ಚಪ್ಪಟೆಯಾಗುತ್ತಿದ್ದರೆ ಅದು ಬೇರೆ ರೋಗ: ಹೋಸ್ ಮೆತ್ತಗಾಗಿದೆ, ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದೆ.

ಹೆಚ್ಚಿಸಿದ ಡೀಸೆಲ್, ಇಳಿಸದ ಗೇರ್

ಎರಡು ಟ್ರೇಲರ್ ಎಳೆಯಲಿ ಎಂದು ಪಂಪಿನ ಡೀಸೆಲ್ ಹೆಚ್ಚಿಸಿದ್ದಾರೆಯೇ? ಪಂಪಿನ ಸ್ಕ್ರೂವಿಗೆ ತಂತಿ ಮತ್ತು ಸೀಸದ ಸೀಲ್ ಇರುತ್ತದೆ, ಒಡೆದಿದ್ದರೆ ಯಾರೋ ಕೈಯಾಡಿಸಿದ್ದಾರೆ. ಏರಿನಲ್ಲಿ ಕಪ್ಪು ಹೊಗೆ ಬರುವುದು ಸುಡದೆ ಉಳಿದ ಡೀಸೆಲ್ಲಿನ ಗುರುತು. ಆ ಹೆಚ್ಚುವರಿ ಡೀಸೆಲ್ ಎಳೆತಕ್ಕೆ ಕೊಡುವುದು ಸ್ವಲ್ಪ, ಶಾಖಕ್ಕೆ ಕೊಡುವುದು ಬಹಳ. ಕಟ್ಟಿದ ಏರ್ ಕ್ಲೀನರ್, ತಡವಾದ ಪಂಪ್ ಟೈಮಿಂಗ್, ಹನಿಯುವ ನೋಝಲ್ ಕೂಡ ಇದೇ ಹೊಗೆ ಕೊಡುತ್ತವೆ. ಆದ್ದರಿಂದ ಮೊದಲು ಏರ್ ಕ್ಲೀನರಿನ ಬಟ್ಟಲು ಬಿಚ್ಚಿ ರಾಡಿ ತೆಗೆದು ಗುರುತಿನ ತನಕ ಹೊಸ ಆಯಿಲ್ ಹಾಕಿ, ಆಮೇಲೆ ಪಂಪನ್ನು ಕ್ಯಾಲಿಬ್ರೇಷನ್ ಅಂಗಡಿಗೆ ಒಯ್ಯಿರಿ.

ಡ್ರೈವರ್ ಗೇರ್ ಇಳಿಸದೆ ಏರು ಹತ್ತಿಸುತ್ತಾರೆಯೇ ಅದನ್ನೂ ನೋಡಿ. ಎಂಜಿನ್ ಗುಂಯ್ ಎಂದು 1,200 ಆರ್‌ಪಿಎಂಗೆ ಇಳಿದಾಗ ಪಂಪು ಪೂರ್ತಿ ಡೀಸೆಲ್ ಕೊಡುತ್ತಿರುತ್ತದೆ, ಫ್ಯಾನು ಮತ್ತು ವಾಟರ್ ಬಾಡಿ ಮಾತ್ರ ಅರ್ಧ ವೇಗದಲ್ಲಿ ತಿರುಗುತ್ತಿರುತ್ತವೆ. ಏರು ಶುರುವಾಗುವ ಮೊದಲೇ ಒಂದು ಗೇರ್ ಇಳಿಸಿ, 1,600ರ ಕೆಳಗೆ ಬೀಳದ ಹಾಗೆ ಹತ್ತಿಸಿದರೆ ಎಷ್ಟೋ ಗಾಡಿಗಳು ರಿಪೇರಿಯಿಲ್ಲದೆಯೇ ಸುಧಾರಿಸುತ್ತವೆ. ಫ್ಯಾಕ್ಟರಿ ತಲುಪಿದ ಮೇಲೆ ಟ್ರ್ಯಾಕ್ಟರಿನ ಬ್ರೇಕ್ ಡ್ರಮ್ಮು, ಟ್ರೇಲರಿನ ಹಬ್ಬುಗಳನ್ನು ಒಂದೊಂದಾಗಿ ಗನ್ನಿನಿಂದ ಅಳೆಯಿರಿ. ಉಳಿದವುಗಳಿಗಿಂತ ಒಂದು ಬಹಳ ಬಿಸಿಯಿದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಒಣಗಿದೆ. ಆ ಹೊರೆಯನ್ನೂ ಎಂಜಿನ್ನೇ ಎಳೆಯುತ್ತಿರುತ್ತದೆ.

ವಂಟಮುರಿ, ತವಂದಿ ಘಾಟಿನಲ್ಲಿ ಹಳೆಯ ಜೀಪು, ಟೆಂಪೊ ಕಾಯುತ್ತದೆ ಎನ್ನುವವರಿಗೂ ಇವೇ ಪರೀಕ್ಷೆಗಳು. ಊರೊಳಗೆ ನಿಂತಾಗ ಕಾದು ಹೈವೇಯಲ್ಲಿ ತಣಿದರೆ ಫ್ಯಾನಿನ ಕಡೆ ನೋಡಿ. ಊರೊಳಗೆ ಸರಿಯಿದ್ದು ಘಾಟಿನಲ್ಲಿ ಮಾತ್ರ ಕಾದರೆ ಕೊಳವೆ, ವಾಟರ್ ಬಾಡಿ, ಕೆಳಗಿನ ಹೋಸ್.

ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ ಗಾಡಿಯನ್ನು ಪಕ್ಕಕ್ಕೆ ತಂದು ಗಾಲಿಗೆ ಕಲ್ಲು ಕೊಡಿ. ಬೆಲ್ಟ್ ಸರಿಯಿದ್ದು, ನೀರು ಚೆಲ್ಲದೆ, ಆಯಿಲ್ ಪ್ರೆಶರ್ ಇದ್ದರೆ ಎಂಜಿನ್ ಬಂದ್ ಮಾಡಬೇಡಿ. 1,000 ಆರ್‌ಪಿಎಂನಲ್ಲಿ ಮೂರರಿಂದ ಐದು ನಿಮಿಷ ಓಡಲಿ, ಫ್ಯಾನು ಶಾಖ ತೆಗೆಯುತ್ತದೆ. ಬೆಲ್ಟ್ ಹರಿದಿದ್ದರೆ, ನೀರು ಪೂರ್ತಿ ಹೋಗಿದ್ದರೆ ತಕ್ಷಣ ಬಂದ್. ಕೆಂಪಿನಲ್ಲಿದ್ದ ಮುಳ್ಳು ಏಕಾಏಕಿ ಕೆಳಗೆ ಬಿದ್ದರೆ ಸಮಾಧಾನ ಪಡಬೇಡಿ, ನೀರು ಸೆನ್ಸರಿಗಿಂತ ಕೆಳಗೆ ಇಳಿದು ಅದು ಗಾಳಿಯಲ್ಲಿ ನಿಂತಿದೆ. ಅದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ, ಕೂಡಲೇ ಬಂದ್ ಮಾಡಿ. ಮೇಲಿನ ಹೋಸ್ ಬಟ್ಟೆ ಸುತ್ತಿದ ಕೈಯಿಂದ ಹಿಚುಕಿದರೆ ಮೆತ್ತಗೆ ಒಳಹೋಗುವ ತನಕ ಕ್ಯಾಪ್ ಮುಟ್ಟಬಾರದು, ಮುಕ್ಕಾಲು ಗಂಟೆಯಾದರೂ ಬೇಕು. ಆಮೇಲೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಕಾದ ಬ್ಲಾಕಿಗೆ ಕಾಲುವೆಯ ತಣ್ಣೀರು ಒಮ್ಮೆಲೇ ಸುರಿದೇ ಎಷ್ಟೋ ಹೆಡ್ಡುಗಳು ಸೀಳುವುದು.

ಇಷ್ಟೆಲ್ಲ ಆದ ಮೇಲೂ ಗುಳ್ಳೆ ಪರೀಕ್ಷೆ ಗ್ಯಾಸ್ಕೆಟ್ಟನ್ನೇ ತೋರಿಸಿದರೆ ಹೆಡ್ ಬಿಚ್ಚಿಸಿ, ಆದರೆ ರೇಡಿಯೇಟರ್ ಮತ್ತು ಬ್ಲಾಕಿನ ಸುಣ್ಣ ತೆಗೆಸಿದ ನಂತರವೇ. ಬಿಚ್ಚಿದಾಗ ಮಿಸ್ತ್ರಿಗೆ ಹೇಳಿ ಸ್ಟೀಲ್ ಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಹೆಡ್ಡಿನ ಮಟ್ಟ ನೋಡಿಸಿ, ಬ್ಲಾಕಿನ ಮುಖವನ್ನೂ ನೋಡಿಸಿ. ವಾಲ್ವುಗಳ ನಡುವೆ ಸೀಳಿದೆಯೇ ಎಂದು ಪ್ರೆಶರ್ ಟೆಸ್ಟ್ ಮಾಡಿಸಿ. ವೆಟ್ ಲೈನರ್ ಆದರೆ ಪ್ರತಿ ಲೈನರ್ ಬ್ಲಾಕಿನ ಮೇಲೆ ಎಷ್ಟು ಎದ್ದಿದೆ ಎಂದು ಅಳೆಸಿ. ಒಂದು ಕುಸಿದಿದ್ದರೂ ಹೊಸ ಗ್ಯಾಸ್ಕೆಟ್ ಅಲ್ಲಿ ಹಿಡಿಯುವುದಿಲ್ಲ. ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ, ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ ಬಿಗಿಸಬೇಕು, ಅಂಕಿ ಕೈಪಿಡಿಯದ್ದೇ ಇರಬೇಕು. ಜೋಡಿಸಿದ ಮೊದಲ ದಿನ ಒಂದೇ ಟ್ರೇಲರ್ ಹಾಕಿ ಓಡಿಸಿ, ಮರುದಿನ ಬೆಳಿಗ್ಗೆ ನೀರಿನ ಮಟ್ಟ ನೋಡಿ ಆಮೇಲೆ ಎರಡನೆಯದು.